ಗೌರವ್ವನ ಬಾಯಿ ತೊಳೆದವರು

ದೆವ್ವ, ಗಾಳಿ, ಮಾಟ ಅಂತ ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುವವಳು. ಹದಿನಾರು ವರ್ಷ ನರ್ಸ್ ಕೆಲಸ ಮಾಡಿದ್ದೇನೆ, ಹೆಣದ ಪಕ್ಕ ಒಬ್ಬಳೇ ಕೂತಿದ್ದೇನೆ, ಯಾವ ದೆವ್ವವೂ ನನ್ನ ತಂಟೆಗೆ ಬಂದಿಲ್ಲ. ನಿನ್ನ ಸಿಡುಕಿಗೆ ಹೆದರಿ ಬಂದಿಲ್ಲ ಎಂದು ನನ್ನ ಗಂಡ ಚುಡಾಯಿಸುತ್ತಾರೆ. ಅಂಥವಳು ಇದನ್ನು ಬರೆಯುತ್ತಿದ್ದೇನೆ. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ, ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಕೊರೊನಾದ ಎರಡನೇ ಅಲೆ. ಹಳಿಯಾಳದ ಒಂದು ಆಸ್ಪತ್ರೆಯಲ್ಲಿ ಇಡೀ ವಾರ್ಡಿಗೆ ನಾವಿಬ್ಬರೇ ನರ್ಸುಗಳು. ಪಿಪಿಇ ಕಿಟ್ ಹಾಕಿದ ಮೇಲೆ ಯಾರು ಯಾರೆಂದು ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಒಬ್ಬರ ಬೆನ್ನ ಮೇಲೆ ಒಬ್ಬರು ಮಾರ್ಕರಿನಿಂದ ಹೆಸರು ಬರೆಯುತ್ತಿದ್ದೆವು. ನನ್ನ ಬೆನ್ನ ಮೇಲೆ ‘ಶೈಲಾ’ ಎಂದು ದಪ್ಪಗೆ ಬರೆದಿರುತ್ತಿತ್ತು.

ಏಳನೇ ಹಾಸಿಗೆಯಲ್ಲಿ ಅತ್ತಿವೇರಿಯ ಗೌರವ್ವ ಇದ್ದರು. ಒಕ್ಕಲುತನದ ಮನೆಯವರು. ಬೆಳಿಗ್ಗೆ ಬಾಯಿ ತೊಳೆದು ಹಣೆಗೆ ವಿಭೂತಿ ಹಚ್ಚಿಕೊಳ್ಳದೆ ಹುಟ್ಟಿದಾಗಿನಿಂದ ಹನಿ ನೀರು ಮುಟ್ಟಿದವರಲ್ಲವಂತೆ. ವಿಭೂತಿ ಗಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದರು. ಆದರೆ ಮುಖದ ಮೇಲೆ ಸದಾ ಆಕ್ಸಿಜನ್ ಮಾಸ್ಕ್. ಆ ಗಾಳಿಗೆ ಬಾಯಿ ಒಣಗಿ, ತುಟಿ ಒಡೆದು, ನಾಲಿಗೆಯ ಮೇಲೆ ಬಿಳಿ ಪದರ ಕಟ್ಟಿತ್ತು. ಬಾಯಿಯ ಕೊಳೆ ಎದೆಗಿಳಿದರೆ ನ್ಯುಮೋನಿಯಾ ಇನ್ನಷ್ಟು ಕೆಡುತ್ತದೆ, ಉಪ್ಪುನೀರಿನ ಗಾಜ್ ಬಟ್ಟೆಯಿಂದ ದಿನಾ ಒರೆಸಬೇಕು ಎಂದು ನಮಗೆ ಓದುವಾಗಲೇ ಕಲಿಸಿದ್ದಾರೆ. ಆದರೆ ಗೌರವ್ವನ ಮಾಸ್ಕ್ ಸರಿಸಿದರೆ ಸಾಕು, ಆಕ್ಸಿಜನ್ ಅಂಕಿ ಸರ್ರನೆ ಇಳಿಯುತ್ತಿತ್ತು. ನನಗೆ ಭಯ. ಸುಳ್ಳೇಕೆ ಹೇಳಲಿ, ಪುರುಸೊತ್ತೂ ಇರಲಿಲ್ಲ. ಎರಡು ದಿನ ನಾಳೆ ನಾಳೆ ಎಂದು ತಳ್ಳಿದೆ. ಆಕೆ ಗಂಜಿ, ಚಹಾ ಏನನ್ನೂ ಮುಟ್ಟದೆ ಬರೀ ಸಲಾಯಿನ್ ಮೇಲಿದ್ದರು.

ಮೂರನೇ ದಿನ ಬೆಳಿಗ್ಗೆ ನಾನು ಡ್ಯೂಟಿಗೆ ಬಂದ ಕೂಡಲೇ ಗೌರವ್ವ ನನ್ನ ಕೈ ಹಿಡಿದರು.

“ಯವ್ವಾ, ಮಣ್ಣ ತಿಂದಂಗ ಆಗೇತಿ. ಒಮ್ಮೆ ಬಾಯಿ ತೊಳದ ಬಿಡ ನನ್ನವ್ವಾ. ಒಂದ ಗುಟುಕ ನೀರ ಕುಡಿತೇನಿ.”

“ಮಾಸ್ಕ್ ತಗದ್ರ ಉಸರ ಹತ್ತತೈತಿ, ಅವ್ವಾರ. ಡಾಕ್ಟರ್ ಬರ್ಲಿ.”

“ಇಂಥಾ ಬಾಯಿ ತಗೊಂಡ ಹೋದ್ರ ಆ ಶಿವಗ ಹೆಂಗ ಮುಖಾ ತೋರಸಲಿ?”

“ಹುಚ್ಚರಂಗ ಮಾತಾಡಬ್ಯಾಡ್ರಿ!” ಎಂದು ಗದರಿಸಿಬಿಟ್ಟೆ. ಆಮೇಲೆ ಮನಸ್ಸು ತಡೆಯಲಿಲ್ಲ. “ಹತ್ತ ಮಿನಿಟ್ರಿ, ನಾನ ಬಂದು ತೊಳಿತೇನಿ” ಎಂದೆ.

ಟ್ರೇಯಲ್ಲಿ ಗಾಜ್, ಉಪ್ಪುನೀರು, ಒಂದು ಲೋಟ ಕುಡಿಯುವ ನೀರು ತಂದು ಆಕೆಯ ಸ್ಟೂಲಿನ ಮೇಲೆ ಇಟ್ಟೆ. ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಒಬ್ಬರ ಉಸಿರು ನಿಂತಿತು. ಓಡಿದೆ. ಡಾಕ್ಟರು, ನನ್ನ ಜೊತೆಯ ನರ್ಸು, ನಾನು ಸರದಿಯಂತೆ ಎದೆ ಒತ್ತುತ್ತ ಮುಕ್ಕಾಲು ಗಂಟೆ ಅಲ್ಲೇ ಇದ್ದೆವು. ಆ ಮನುಷ್ಯ ಉಳಿಯಲಿಲ್ಲ.

ಮರಳಿ ಬಂದಾಗ ಗೌರವ್ವನೂ ಹೋಗಿದ್ದರು.

ಮಾಸ್ಕ್ ಸರಿಯಾಗಿಯೇ ಕೂತಿತ್ತು. ಅಳುತ್ತಲೇ ತೆಗೆದೆ. ತುಟಿಗಳು ಒದ್ದೆಯಾಗಿದ್ದವು. ನಾಲಿಗೆಯ ಬಿಳಿ ಪದರ ಇರಲಿಲ್ಲ, ಬಾಯಿ ಹಸುಗೂಸಿನ ಬಾಯಿಯಂತೆ ಸ್ವಚ್ಛವಾಗಿತ್ತು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಅಳತೆ ಹಿಡಿದು ಎಳೆದಂತೆ ನೇರ ಗೆರೆಗಳು. ಬಳಸಿದ ಗಾಜ್ ಟ್ರೇಯ ಅಂಚಿಗಿತ್ತು, ಲೋಟದ ನೀರು ಒಂದು ಗುಟುಕಿನಷ್ಟು ಕಡಿಮೆಯಾಗಿತ್ತು.

“ಯಾರ ಬಂದಿದ್ರು?” ಎಂದು ಪಕ್ಕದ ಹಾಸಿಗೆಯ ನೀಲಕ್ಕನನ್ನು ಕೇಳಿದೆ. ದಾಂಡೇಲಿಯ ಮಿಲ್ ಕೆಲಸಗಾರರ ಮನೆಯಾಕೆ, ಚೇತರಿಸಿಕೊಂಡು ಎದ್ದು ಕೂತಿದ್ದರು.

“ಅಯ್ಯ, ನೀವ ಬಂದಿದ್ರಲ್ಲಾ! ಬೆನ್ನ ಮ್ಯಾಲೆ ಶೈಲಾ ಅಂತ ಇತ್ತು, ನಾ ಓದೇನಿ. ಎಷ್ಟ ಸಮಾಧಾನಲೆ ತೊಳದ್ರಿ! ನಿಮಗ ಇಷ್ಟ ತಾಳ್ಮಿ ಐತಿ ಅಂತ ಗೊತ್ತ ಇರಲಿಲ್ಲ ಬಿಡ್ರಿ.”

ಆಸ್ಪತ್ರೆಯಲ್ಲಿ ಶೈಲಾ ಎಂದರೆ ನಾನೊಬ್ಬಳೇ. ದಣಿವಿನಲ್ಲಿ ನಾನೇ ಬಂದು ಹೋಗಿ ಮರೆತೆನೇ? ನೀನು ಒಂದು ಹೆಜ್ಜೆಯೂ ಹೊರಗಿಟ್ಟಿಲ್ಲ ಎಂದು ಡಾಕ್ಟರೇ ಹೇಳಿದರು. ಜೊಯಿಡಾದ ಕೊಂಕಣಿ ಮನೆಯಲ್ಲಿ ಬೆಳೆದವಳು ನಾನು. ಹಾಗೆ ನೇರವಾಗಿ ವಿಭೂತಿ ಹಚ್ಚಲು ನನಗೆ ಇಂದಿಗೂ ಬರುವುದಿಲ್ಲ. ಆಯಾಗಳನ್ನೂ ಕೇಳಿದೆ, ಯಾರೂ ಹೋಗಿರಲಿಲ್ಲ.

ಮಧ್ಯಾಹ್ನ ಗೌರವ್ವನ ಮಗಳ ಫೋನ್ ಬಂತು. ಆಕೆಗೂ ಕೊರೊನಾ, ತಾಯಿಯ ಮುಖ ನೋಡಲೂ ಬರುವಂತಿರಲಿಲ್ಲ. ಅತ್ತು ಅತ್ತು ಕೊನೆಗೆ ಒಂದೇ ಮಾತು ಕೇಳಿದಳು.

“ಅಕ್ಕಾರ, ನಮ್ಮವ್ವನ ಬಾಯಿ ತೊಳದಿದ್ರೇನ್ರಿ? ಇಲ್ಲಾಂದ್ರ ಆಕಿ ನೀರ ಕುಡಿಯಂಗಿಲ್ರಿ.”

“ತೊಳದೇನವಾ ತಂಗಿ. ನಾನ ತೊಳದೆ. ನೀರ ಕುಡದ ಹೋದ್ರು” ಎಂದೆ.

“ನಿಮ್ಮ ಹೊಟ್ಟಿ ತಣ್ಣಗಿರ್ಲಿರಿ” ಎಂದು ಬಿಕ್ಕಿದಳು.

ನಾನು ಹೇಳಿದ್ದು ಸುಳ್ಳೋ ನಿಜವೋ ನನಗೆ ಈಗಲೂ ತಿಳಿಯದು. ಆ ಹಾರೈಕೆ ಯಾರಿಗೆ ಸಲ್ಲಬೇಕಿತ್ತೋ ಅದೂ ತಿಳಿಯದು. ಕೈ ಹಿಡಿದು ಕೇಳಿದಾಗಲೇ ತೊಳೆದಿದ್ದರೆ ನನಗೇ ಸಲ್ಲುತ್ತಿತ್ತು.