ಕೈ ಕಟ್ಟಿಕೊಂಡು ತೀರಿಸಿಕೊಂಡ ಸೇಡು

ಶುದ್ಧ ನೀರಿನ ನಲ್ಲಿಗೆ ಸಿಕ್ಕಿಸಿದ ಆ ಟ್ಯೂಬು ಗೇಣಿಗಿಂತ ತುಸು ಉದ್ದ ಇತ್ತು. ಹೊಸದರಲ್ಲಿ ಹಾಲಿನಂತೆ ಬೆಳ್ಳಗಿದ್ದದ್ದು ಬಳಸಿ ಬಳಸಿ ಹಳದಿಗೆ ತಿರುಗಿತ್ತು. ತುದಿ ಯಾವಾಗಲೂ ಸಿಂಕಿನೊಳಗೆ ಇಳಿಬಿದ್ದಿರುತ್ತಿತ್ತು. ಔಷಧಿ ಪರೀಕ್ಷಿಸುವ ಆ ಪ್ರಯೋಗಾಲಯದಲ್ಲಿ ಅದನ್ನು ನೋಡದವರಿಲ್ಲ. ಅದರ ಬಗ್ಗೆ ತಲೆ ಕೆಡಿಸಿಕೊಂಡವಳು ಒಬ್ಬಳೇ, ಮತ್ತು ಅವಳನ್ನು ಅಲ್ಲಿಂದ ಓಡಿಸಿ ವರ್ಷಗಳೇ ಆಗಿದ್ದವು.

ಅಲ್ಲಿಯ ನೀರಿನ ಯಂತ್ರ ಗೋಡೆಗೆ ಒರಗಿ ನಿಂತ ಬೀರುವಿನಷ್ಟು ದೊಡ್ಡದು. ಒಂದು ಬದಿಯಿಂದ ಊರಿನ ನೀರು ಒಳಹೋಗುತ್ತದೆ. ಸೋಸಿ, ಲವಣ ಕಳೆದು, ಕ್ರಿಮಿ ಕೊಲ್ಲುವ ದೀಪದ ಕೆಳಗೆ ಹಾಯಿಸಿ, ಇನ್ನೊಂದು ಬದಿಯ ನಲ್ಲಿಯಲ್ಲಿ ಹೊರಬಿಡುತ್ತದೆ. ಮಾತ್ರೆ, ಚುಚ್ಚುಮದ್ದುಗಳನ್ನು ಪರೀಕ್ಷಿಸುವ ದ್ರಾವಣಗಳೆಲ್ಲ ತಯಾರಾಗುವುದು ಆ ನೀರಿನಲ್ಲೇ. ಆದ್ದರಿಂದ ವಾರವಾರ ಅದರ ಮಾದರಿ ತೆಗೆದು, ಕ್ರಿಮಿ ಎಷ್ಟಿದೆ ಎಂದು ನೋಡಬೇಕು. ಮಾದರಿ ತೆಗೆಯುವ ನಿಯಮದಲ್ಲಿ ಒಂದು ಮಾತು ಸ್ಪಷ್ಟವಾಗಿದೆ: ನೀರನ್ನು ಹೇಗೆ ಬಳಸುತ್ತೀರೋ ಹಾಗೆಯೇ ತೆಗೆಯಿರಿ.

ಅಲ್ಲಿ ನಡೆಯುತ್ತಿದ್ದದ್ದು ಬೇರೆ. ಮಾದರಿಯ ದಿನ ಟ್ಯೂಬನ್ನು ಎಳೆದು ಪಕ್ಕಕ್ಕಿಡುತ್ತಿದ್ದರು. ನಲ್ಲಿಯ ಬಾಯಿಗೆ ಸ್ಪಿರಿಟ್ ಹಚ್ಚಿ ಒರೆಸುತ್ತಿದ್ದರು. ನೀರನ್ನು ಒಂದಷ್ಟು ಹೊತ್ತು ಸುಮ್ಮನೆ ಹರಿಯಬಿಟ್ಟು, ಆಮೇಲೆ ಬಾಟಲಿ ಹಿಡಿಯುತ್ತಿದ್ದರು. ಮಾದರಿ ಮುಗಿದದ್ದೇ ಟ್ಯೂಬು ಮತ್ತೆ ನಲ್ಲಿಗೆ ಏರುತ್ತಿತ್ತು. ಫೋಟೊ ತೆಗೆಸಿಕೊಳ್ಳುವಾಗ ಮಾತ್ರ ತಲೆ ಬಾಚಿಕೊಳ್ಳುವ ಹಾಗೆ.

ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಸಲ, ಟ್ಯೂಬನ್ನು ತೆಗೆಯದೆ ಮಾದರಿ ಹಿಡಿದಳು. ಜಾಣತನ ತೋರಿಸಲಿಕ್ಕಲ್ಲ, ಪುಸ್ತಕದಲ್ಲಿ ಹಾಗಿತ್ತು, ಹಾಗೆ ಮಾಡಿದಳು. ಕೆಲವು ದಿನ ಬಿಟ್ಟು, ಆ ನೀರು ಹಾಕಿ ಕ್ರಿಮಿ ಬೆಳೆಸಲು ಇಟ್ಟಿದ್ದ ಪುಟ್ಟ ತಟ್ಟೆಗಳನ್ನು ತೆರೆದರೆ ಕ್ರಿಮಿಗಳು ಎಣಿಸಲಾಗದಂತೆ ಬೆಳೆದು ಕೂತಿದ್ದವು. ಸದಾ ಒದ್ದೆಯಾಗಿ ಸಿಂಕಿಗೆ ಇಳಿಬಿದ್ದಿದ್ದ ಟ್ಯೂಬಿನೊಳಗೇ ಅವು ಮನೆಮಾಡಿಕೊಂಡಿದ್ದವು.

ಪ್ರಯೋಗಾಲಯದ ಮುಖ್ಯಸ್ಥರನ್ನು ಬೆನ್ನ ಹಿಂದೆ ಎಲ್ಲರೂ ಫಳಫಳ ಸಾಹೇಬರು ಎನ್ನುತ್ತಿದ್ದರು. ಬೂಟು ಫಳಫಳ, ಮೇಜು ಫಳಫಳ, ಮಾತೂ ಫಳಫಳ. ಅವರು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಎಲ್ಲರನ್ನೂ ಕರೆಸಿ ಸಾಲಾಗಿ ನಿಲ್ಲಿಸಿ, ಅವಳತ್ತ ತಿರುಗಿದರು.

"ಕೈ ತೊಳೆಯೋದನ್ನ ನಿಮ್ಮನೇಲಿ ಕಲಿಸಿಲ್ವೇನಮ್ಮಾ?"

ಯಾರೋ ಕಿಸಕ್ಕೆಂದರು. "ಟ್ಯೂಬು ಸರ್..." ಎಂದು ಅವಳು ಬಾಯಿ ತೆರೆದಳು. "ಟ್ಯೂಬಿಗೆ ನಾಲಿಗೆ ಇಲ್ಲ ಅಂತ ಅದರ ಮೇಲೆ ಹಾಕಬೇಡ" ಎಂದರು. ತಿಂಗಳು ಮುಗಿಯುವುದರೊಳಗೆ ಅವಳ ಕೆಲಸ ಹೋಯಿತು. ಮುಂದೆ ಯಾವ ಪ್ರಯೋಗಾಲಯಕ್ಕೆ ಹೋದರೂ ಅವಳಿಗಿಂತ ಮೊದಲು ಆ ಮಾತು ಹೋಗಿ ಕುರ್ಚಿ ಹಾಕಿಕೊಂಡು ಕೂತಿರುತ್ತಿತ್ತು.

ಅಷ್ಟೇ ಆಗಿದ್ದರೆ ಕಾಲ ಅದನ್ನು ಸವೆಸುತ್ತಿತ್ತೋ ಏನೋ. ಆದರೆ ಅವಳ ಅಮ್ಮ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯ ಕತ್ತರಿ ಚಾಕುಗಳನ್ನು ತೊಳೆದು ಕುದಿಸಿ ಕೊಡುವ ಕೆಲಸದವಳು. ಆಯಸ್ಸಿನ ಅರ್ಧ ಭಾಗವನ್ನು ಬಿಸಿನೀರಿನ ತೊಟ್ಟಿಯ ಮುಂದೆ ಕಳೆದಿದ್ದಳು. ಉಗುರಿನ ಸಂದು, ಬೆರಳ ಬುಡ, ಮಣಿಕಟ್ಟು, ಕೊನೆಗೆ ಮೊಣಕೈ: ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಈ ಕ್ರಮ ಕಲಿಸಿದವಳು. ಕೆಲಸ ಕಳೆದುಕೊಂಡು ಬಂದ ಸಂಜೆ ಮಗಳು ನಡೆದದ್ದನ್ನೆಲ್ಲ ಹೇಳಿದಾಗ ಅಮ್ಮ ಬಟ್ಟೆ ಮಡಿಸುತ್ತಿದ್ದಳು. ಮಡಿಸುವುದನ್ನು ನಿಲ್ಲಿಸಿ, ತಗ್ಗಿದ ದನಿಯಲ್ಲಿ ಕೇಳಿದಳು.

"ತೊಳ್ಕೊಂಡಿದ್ದೆ ತಾನೇ?"

ಅದೊಂದೇ ಪ್ರಶ್ನೆ. ಮತ್ತೆಂದೂ ಅಮ್ಮ ಅದನ್ನು ಎತ್ತಲಿಲ್ಲ. ಆದರೆ ಸಾಹೇಬರ ಮಾತಲ್ಲ, ಆ ಪ್ರಶ್ನೆ ಅವಳೊಳಗೆ ಮುಳ್ಳಾಗಿ ನಿಂತಿತು. ತನ್ನಮ್ಮನ ಬಾಯಲ್ಲಿ ಅಂಥ ಅನುಮಾನ ಬರುವ ಹಾಗೆ ಮಾಡಿದವನನ್ನು ಸುಮ್ಮನೆ ಬಿಡಬಾರದು ಎಂದು ಅವಳು ಅಂದೇ ತೀರ್ಮಾನಿಸಿದಳು.

ಈಜುಕೊಳಗಳ ನೀರು ಪರೀಕ್ಷಿಸಿದಳು, ಐಸ್ ಕಾರ್ಖಾನೆಯಲ್ಲಿ ದುಡಿದಳು, ಪರೀಕ್ಷೆ ಬರೆದಳು, ಫೇಲಾದಳು, ಮತ್ತೆ ಬರೆದಳು. ಕೊನೆಗೆ ಪ್ರಯೋಗಾಲಯಗಳನ್ನು ತಪಾಸಣೆ ಮಾಡುವ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆದಳು. "ಅಕ್ಕ ಕೈ ತೊಳ್ಕೊಂಡು ಅವನ ಬೆನ್ನು ಹತ್ತಿದಾಳೆ" ಎಂದು ತಮ್ಮ ನಗೆಯಾಡಿದ. "ಮೊಣಕೈವರೆಗೂ ತೊಳ್ಕೊಂಡಿದೀನಿ ಕಣೋ" ಎಂದಳು. ಅವಳು ನಗಲಿಲ್ಲ.

ಆ ಪ್ರಯೋಗಾಲಯದ ಸರದಿ ಬಂದಾಗ ಅವಳು ತನ್ನ ಹಿರಿಯ ಅಧಿಕಾರಿಯ ಮುಂದೆ ಹೋಗಿ ನಿಂತು, ಹಳೆಯದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು. ಮುಚ್ಚಿಟ್ಟರೆ ನಾಳೆ ಅದೇ ನೆಪದಲ್ಲಿ ತಪಾಸಣೆಯನ್ನೇ ರದ್ದು ಮಾಡಿಸುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಸೇಡಿಗೆ ತೂತು ಬೀಳಬಾರದು. ಹಿರಿಯರು ಕನ್ನಡಕ ತೆಗೆದು ಒರೆಸಿದರು.

"ನೀನು ಹೋಗದೇ ಇರೋದು ವಾಸಿ."

"ಹೋಗ್ತೀನಿ ಸರ್. ನೀವೂ ಬನ್ನಿ. ನಾನು ಯಾವುದನ್ನೂ ಮುಟ್ಟಲ್ಲ."

"ಬಾಟಲಿ ಮುಚ್ಚಳವನ್ನೂ?"

"ಕೈ ಕಟ್ಟಿಕೊಂಡು ನಿಂತಿರ್ತೀನಿ."

ಹಾಗೆಯೇ ನಿಂತಳು. ಪ್ರಯೋಗಾಲಯಕ್ಕೆ ಹೊಸ ಬಣ್ಣ ಬಂದಿತ್ತು, ಹೊಸ ಯಂತ್ರ ಬಂದಿತ್ತು. ಟ್ಯೂಬೂ ಹೊಸದೇ ಇರಬೇಕು, ಆದರೆ ಅದೇ ಹಳದಿಗೆ ಬಂದು, ಅದೇ ಸಿಂಕಿಗೆ ಇಳಿಬಿದ್ದಿತ್ತು. ಫಳಫಳ ಸಾಹೇಬರ ತಲೆಯೂ ಈಗ ಫಳಫಳ. ಅವರು ಅವಳನ್ನು ನೋಡಿ ಕೈಮುಗಿದರು, "ಬನ್ನಿ ಮೇಡಂ" ಎಂದರು, ಕುರ್ಚಿ ಎಳೆದು ಕೊಟ್ಟರು. ಗುರುತೇ ಸಿಕ್ಕಿರಲಿಲ್ಲ. ಅದು ಅವಳಿಗೆ ಎರಡನೆಯ ಅವಮಾನದಂತೆ ತಾಗಿತು. ಇಷ್ಟು ವರ್ಷ ತಾನು ಹೊತ್ತುಕೊಂಡು ತಿರುಗಿದ ಮನುಷ್ಯ, ತನ್ನನ್ನು ಅಂದೇ ಕೆಳಗಿಳಿಸಿ ಮರೆತಿದ್ದ.

ಮಾದರಿ ತೆಗೆಯಲು ಸಾಹೇಬರು ಒಬ್ಬ ಹೆಂಗಸನ್ನು ಕರೆದರು. ಇನ್‌ಸ್ಪೆಕ್ಟರಳ ಹಳೆಯ ಜಾಗದಲ್ಲಿ ಈಗ ಕೆಲಸ ಮಾಡುತ್ತಿದ್ದವಳು ಈಕೆಯೇ. ಆಕೆ ಕೈಗವಸು ಹಾಕಿಕೊಳ್ಳತೊಡಗಿದಳು.

"ಸರ್" ಎಂದಳು ಇನ್‌ಸ್ಪೆಕ್ಟರ್, ಕಟ್ಟಿದ ಕೈ ಬಿಡಿಸದೆ. "ನೀವು ಊರೆಲ್ಲ ತರಬೇತಿ ಕೊಡ್ತೀರಂತೆ. ನೀವೇ ತೆಗೆದು ತೋರಿಸಿದ್ರೆ ನಾವೂ ಕಲೀಬಹುದಿತ್ತು."

ಹಿರಿಯರು ಅವಳತ್ತ ಓರೆಗಣ್ಣಿನಿಂದ ನೋಡಿದರು. ಸಾಹೇಬರು ಉಬ್ಬಿದರು. "ಅದಕ್ಕೇನಂತೆ" ಎಂದು ತೋಳು ಮಡಚಿ, ಸೋಪು ಹಚ್ಚಿ, ನೋಡುವವರಿಗೆ ಬೇಸರ ಬರುವಷ್ಟು ಹೊತ್ತು ಕೈ ತೊಳೆದರು. ಚೆನ್ನಾಗಿಯೇ ತೊಳೆದರು. ಕೈಗವಸು ಹಾಕಿಕೊಂಡು ನಲ್ಲಿಯ ಮುಂದೆ ನಿಂತು, ಟ್ಯೂಬಿನ ಬುಡಕ್ಕೆ ಬೆರಳಿಟ್ಟರು.

"ಬೆಳಿಗ್ಗೆ ದ್ರಾವಣ ಮಾಡುವಾಗಲೂ ಅದನ್ನ ತೆಗೀತೀರಾ ಸರ್?"

"ಅದು ಹೇಗಾಗುತ್ತೆ ಮೇಡಂ? ಟ್ಯೂಬಿಲ್ಲದೆ ದೊಡ್ಡ ಗಾಜಿನ ಜಾರು ನಲ್ಲಿ ಕೆಳಗೆ ಹಿಡಿಸಲ್ಲ."

ಹೇಳಿ ಮುಗಿಸಿದ ಮೇಲೆ ಅವರಿಗೆ ತಾವು ಏನು ಹೇಳಿದೆವೆಂದು ಹೊಳೆಯಿತು. ಹಿರಿಯರು ತಣ್ಣಗೆ ಅಂದರು, "ಹಾಗಾದ್ರೆ ಇರಲಿ ಬಿಡಿ. ಹೇಗೆ ಬಳಸ್ತೀರೋ ಹಾಗೇ ಹಿಡೀರಿ."

"ಸ್ವಲ್ಪ ಸ್ಪಿರಿಟ್ ಆದ್ರೂ..."

"ಜಾರು ತುಂಬೋವಾಗ ಹಚ್ಚೋದಾದ್ರೆ ಹಚ್ಚಿ."

ಸಾಹೇಬರು ಸಹಾಯಕ್ಕಾಗಿ ಆ ಹೆಂಗಸಿನ ಕಡೆ ನೋಡಿದರು. ಅವಳು ನೆಲ ನೋಡುತ್ತಿದ್ದಳು. ಅವರು ಹೊಸ ಬಾಟಲಿಯ ಮೊಹರು ಒಡೆದು ಟ್ಯೂಬಿನ ಕೆಳಗೆ ಹಿಡಿದರು. ನೀರು ತುಂಬುವಾಗ ಇನ್‌ಸ್ಪೆಕ್ಟರ್ ನೋಡುತ್ತಿದ್ದದ್ದು ಸಾಹೇಬರ ಕೈಯನ್ನೇ. ಮುಚ್ಚಳ ಹಾಕಿದ್ದು ಅವರು, ಮೊಹರು ಹಾಕಿದ್ದು ಹಿರಿಯರು. ತಟ್ಟೆಗಳನ್ನು ಬೆಳೆಸಿ ನೋಡಿದ್ದು ಬೇರೆಯದೇ ಪ್ರಯೋಗಾಲಯ.

ಅದಾದ ಮೇಲಿನ ದಿನಗಳಲ್ಲಿ ಅವಳಿಗೆ ಅನ್ನ ರುಚಿಸಲಿಲ್ಲ. ತಟ್ಟೆ ಖಾಲಿ ಬಂದರೆ? ಅವಳಿಗೆ ಬೇಕಾಗಿದ್ದದ್ದು ಶುದ್ಧ ನೀರಲ್ಲ, ಕ್ರಿಮಿ. ಚೆನ್ನಾಗಿ, ಸೊಂಪಾಗಿ ಬೆಳೆಯಲಿ ಎಂದು ಗಿಡ ನೆಟ್ಟವರಂತೆ ಕಾದಳು. ತನ್ನ ಕಸುಬಿನವರು ಹಾರೈಸಬಾರದ್ದನ್ನು ಹಾರೈಸುತ್ತಿದ್ದೇನೆಂದು ಅವಳಿಗೆ ತಿಳಿದಿತ್ತು. ತಿಳಿದೂ ಹಾರೈಸಿದಳು.

ಬೆಳೆದವು.

ಫಲಿತಾಂಶ ತಿಳಿಸುವ ಸಭೆಗೆ ಪ್ರಯೋಗಾಲಯದ ಎಲ್ಲರನ್ನೂ ಕರೆಯಲಾಗಿತ್ತು. ನೀರಿನ ವ್ಯವಸ್ಥೆ ಸರಿಹೋಗುವ ತನಕ ಇಲ್ಲಿಂದ ಒಂದು ಔಷಧಿಗೂ ಒಪ್ಪಿಗೆ ಪತ್ರ ಹೊರಡಕೂಡದು, ಮುಖ್ಯಸ್ಥರ ಸಹಿ ಅಲ್ಲಿಯವರೆಗೆ ನಡೆಯುವುದಿಲ್ಲ ಎಂದು ಹಿರಿಯರು ಓದಿ ಹೇಳಿದರು. ಕಾರಣ: ಟ್ಯೂಬು, ಮತ್ತು ಅದನ್ನು ಮರೆಮಾಚುವ ಮಾದರಿ ಕ್ರಮ. ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಸಾಹೇಬರು ಕರವಸ್ತ್ರದಿಂದ ತಲೆ ಒರೆಸಿಕೊಂಡರು. "ಆವತ್ತು ಈಯಮ್ಮನೇ ಬಾಟಲಿ ಜೋಡಿಸಿಟ್ಟಿದ್ದು" ಎಂದು ಆ ಹೆಂಗಸಿನ ಕಡೆ ಬೆರಳು ತೋರಿಸಿದರು. "ಇವರಿಗೆಲ್ಲ ಎಷ್ಟು ಹೇಳಿದ್ರೂ..."

ಇನ್‌ಸ್ಪೆಕ್ಟರ್ ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ.

"ಬಾಟಲಿ ಮೊಹರು ಒಡೆದದ್ದು ನೀವು ಸರ್. ಹಿಡಿದದ್ದು ನೀವು. ಮುಚ್ಚಿದ್ದು ನೀವು" ಎಂದಳು. ಆಮೇಲೆ ದನಿ ಏರಿಸದೆ, ಊಟ ಆಯ್ತಾ ಎಂದು ಕೇಳುವಷ್ಟು ಸಲೀಸಾಗಿ ಕೇಳಿದಳು. "ಕೈ ತೊಳೆಯೋದನ್ನ ನಿಮ್ಮನೇಲಿ ಕಲಿಸಿಲ್ವೇನು ಸರ್?"

ಯಾರೂ ಕಿಸಕ್ಕೆನ್ನಲಿಲ್ಲ. ಸಾಹೇಬರು ಅವಳ ಮುಖವನ್ನು ನೋಡಿದರು, ಇನ್ನೊಮ್ಮೆ ನೋಡಿದರು. ಈ ಸಲ ಗುರುತು ಸಿಕ್ಕಿತು. ಅದು ಸಿಗುವ ತನಕ ಅವಳು ಕಣ್ಣು ಕದಲಿಸಲಿಲ್ಲ.

ಹೊರಗೆ ಬಂದ ಮೇಲೆ ಹಿರಿಯರು ಕಾರಿನ ಬಾಗಿಲಿಗೆ ಕೈಯಿಟ್ಟು ನಿಂತರು. "ಅವನ ಕೈಯಲ್ಲಿ ಏನೂ ಇರಲಿಲ್ಲ. ಅದು ನಿನಗೂ ಗೊತ್ತು."

"ನನ್ನ ಕೈಯಲ್ಲೂ ಇರಲಿಲ್ಲ ಸರ್. ಅದು ಅವರಿಗೂ ಗೊತ್ತಿತ್ತು."

ಹಿರಿಯರು ಕಾರು ಹತ್ತಿದರು.

ಮನೆಯಲ್ಲಿ ಅಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದಳು. ಬಿಸಿನೀರು ಕಂಡೂ ಕಂಡೂ ಅವಳ ಬೆರಳ ತುದಿಗಳು ನುಣುಪಾಗಿ, ರೇಖೆಗಳೇ ಅಳಿಸಿಹೋಗಿದ್ದವು. ಮಗಳು ಬ್ಯಾಗು ಇಳಿಸಿ, ಎದುರಿಗೆ ಕೂತು, ಟ್ಯೂಬಿನಿಂದ ಹಿಡಿದು ತಟ್ಟೆಯವರೆಗೆ ಎಲ್ಲ ಹೇಳಿದಳು. ಕೊನೆಗೆ ತಾನು ಕೇಳಿದ ಪ್ರಶ್ನೆಯನ್ನೂ ಹೇಳಿದಳು.

ಅಮ್ಮ ತನ್ನ ಬೆರಳುಗಳನ್ನೇ ನೋಡಿಕೊಂಡಳು. ತಪ್ಪು ಮಾಡಿದೆ ಎನ್ನುತ್ತಾಳೆ ಎಂದು ಮಗಳು ಮನಸ್ಸು ಗಟ್ಟಿ ಮಾಡಿಕೊಂಡಳು.

"ಎಲ್ಲರ ಮುಂದೇನಾ?" ಎಂದಳು ಅಮ್ಮ.

"ಎಲ್ಲರ ಮುಂದೇನೇ."

ಅಮ್ಮ ಸೆರಗು ಸರಿಮಾಡಿಕೊಂಡು, ಕುರ್ಚಿಯನ್ನು ಮಗಳ ಕಡೆಗೆ ಒಂದಿಷ್ಟು ಎಳೆದುಕೊಂಡಳು.

"ಇನ್ನೊಂದ್ಸಲ ಹೇಳು. ನಿಧಾನಕ್ಕೆ ಹೇಳು. ಅವನ ಮುಖ ಹೇಗಾಯ್ತು?"