ಒಂದೂವರೆಯ ಹೊಗೆ

ಮೇಲಿನಿಂದ ನೋಡುವವರಿಗೆ ಎಲ್ಲಾ ಗೊತ್ತಿರುತ್ತದೆ ಎಂಬ ಜಂಬ ನನಗೆ ಇದ್ದದ್ದು ನಿಜ. ಕುಸನೂರ ಹತ್ತಿರದ ಪ್ರಯೋಗಾಲಯದಲ್ಲಿ ಕೂತು ಉಪಗ್ರಹದ ಚಿತ್ರಗಳಲ್ಲಿ ಬೆಂಕಿ, ಹೊಗೆ ಹುಡುಕುವುದು ನನ್ನ ಕೆಲಸ. ನಮ್ಮ ಕಡೆಯ ಕಪ್ಪು ಮಣ್ಣಿನ ಮೇಲೆ ಹೊಗೆ ಬೂದುಬಣ್ಣದ ಪಟ್ಟಿಯಾಗಿ ಎದ್ದು ಕಾಣುತ್ತದೆ. ಅದು ಯಾವ ಕಡೆ ಹೊರಟಿದೆ ಎಂದು ನಾನು ಹೇಳಿದರೆ ಮನೆಯವರಿಗೆ ಅದೇ ಕೊನೆಯ ಮಾತು. ಎಲ್ಲರಿಗಿಂತ ಹೆಚ್ಚು ನಂಬುತ್ತಿದ್ದವಳು ಅಕ್ಕ.

ಅಕ್ಕ ಅಲ್ಲಿಂದ ಮುಕ್ಕಾಲು ಗಂಟೆ ದಾರಿಯ ಕಮಲಾಪುರದಲ್ಲಿ ಟೀಚರ್, ಒಬ್ಬಳೇ ಇರುತ್ತಾಳೆ. ಚಿಕ್ಕಂದಿನಿಂದ ದಮ್ಮು. ಪಕ್ಕದ ಮನೆಯ ಒಗ್ಗರಣೆ ಘಾಟಿಗೂ ಅವಳ ಉಸಿರು ಕಟ್ಟುತ್ತದೆ.

ಆ ಬೇಸಿಗೆಯಲ್ಲಿ ಅವಳ ಊರಾಚೆಯ ಗುಡ್ಡದ ಒಣಹುಲ್ಲಿಗೆ ಬೆಂಕಿ ಬಿದ್ದು ಎರಡು ದಿನವಾಗಿತ್ತು. ಮೂರನೆಯ ದಿನ ಸಂಜೆ ನಾಲ್ಕೂವರೆಗೆ ಅಕ್ಕನ ಫೋನ್ ಬಂತು. ಬೆಳಗಿನಿಂದ ಅದು ನಾಲ್ಕನೆಯದು.

"ಹೊಗಿ ವಾಸನಿ ಬರ್ಲಾಕತ್ತದ. ನಿನ್ನ ಕಡಿ ಬಂದ್ಬಿಡ್ಲೇನು?"

ಆ ದಿನದ ಚಿತ್ರ ಆಗಷ್ಟೇ ಬಂದಿತ್ತು. ಹೊಗೆ ಊರಿಗೆ ಬೆನ್ನು ಹಾಕಿ ಪೂರ್ವಕ್ಕೆ ಹೊರಟಿತ್ತು. ಕಮಲಾಪುರದ ಮೇಲೆ ಒಂದು ಕಲೆಯೂ ಇರಲಿಲ್ಲ.

"ಏನೂ ಇಲ್ಲ. ಯಾರರ ಕಸಾ ಸುಟ್ಟಿರಬೇಕು. ಸುಮ್ನ ಮನ್ಯಾಗ ಕೂಡು" ಎಂದು ಗದರಿಸಿದೆ.

"ಖರೇನ?"

"ನನ್ನ ಕಣ್ಮುಂದನ ಅದ."

ಫೋನಿಟ್ಟು, ದಿನಚರಿ ಪುಸ್ತಕದಲ್ಲಿ ಚಿತ್ರದ ವೇಳೆ ಬರೆಯಲು ಹೋದೆ. ಚಿತ್ರದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದೂವರೆ ಎಂದಿತ್ತು. ಉಪಗ್ರಹ ನಮ್ಮ ನೆತ್ತಿ ಮೇಲೆ ಹಾಯುವುದು ಮಧ್ಯಾಹ್ನ, ಚಿತ್ರ ನಮ್ಮ ಕೈಸೇರುವುದು ಗಂಟೆಗಳ ನಂತರ. ಹೊಸ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಇದನ್ನು ಹೇಳಿಕೊಡುವವಳು ನಾನೇ. ಓಡಿ ಮಾಳಿಗೆ ಹತ್ತಿ ನೋಡಿದರೆ ಗಾಳಿಸೂಚಿ ಪೂರಾ ತಿರುಗಿಬಿಟ್ಟಿತ್ತು. ಗುಡ್ಡದ ಹೊಗೆ ಈಗ ಅಕ್ಕನ ಊರೊಳಗೇ ಬರುತ್ತಿರಬೇಕು.

ಅಕ್ಕನಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಕಾರು ತೆಗೆದು ಹೊರಟೆ. ಹುಮನಾಬಾದ್ ರಸ್ತೆಯಲ್ಲಿ ಹೊತ್ತು ಮುಳುಗುವ ಮೊದಲೇ ಎದುರಿನ ಲಾರಿಗಳು ಲೈಟು ಹಾಕಿಕೊಂಡು ಬರುತ್ತಿದ್ದವು. ಒಂದು ಊರಿನಷ್ಟು ಹೊಗೆ ನನ್ನ ಕಡೆಗೇ ಬರುತ್ತಿತ್ತು, ನಾನು ಅದರೊಳಗೆ ಹೋಗುತ್ತಿದ್ದೆ. ಅವಳು ಸತ್ತಿದ್ದರೆ ಎಂಬ ಮಾತು ತಲೆಯಿಂದ ಹೋಗಲೇ ಇಲ್ಲ.

ಅಕ್ಕನ ಮನೆಯ ಬಾಗಿಲು ಹಾರು ಹೊಡೆದಿತ್ತು, ಒಳಗೆ ಯಾರೂ ಇರಲಿಲ್ಲ. ಪಕ್ಕದ ಮನೆಯಾಕೆ, ನಾವು ಖಾಲಾ ಎಂದು ಕರೆಯುವವರು, ಬಾಗಿಲ ಸಂದಿಯಿಂದ ಕೈಮಾಡಿ ಕರೆದರು. ಅವರ ಕಿಟಕಿಗಳಿಗೆಲ್ಲಾ ಒದ್ದೆ ಚಾದರ ತೂಗುಬಿಟ್ಟಿತ್ತು. ಒಳಕೋಣೆಯಲ್ಲಿ ಅಕ್ಕ ಮೊಣಕಾಲಿಗೆ ಕೈಯೂರಿ ಬಾಗಿ ಕೂತಿದ್ದಳು. ಮುಖಕ್ಕೆ ಮಾಸ್ಕ್, ಎದೆಯಲ್ಲಿ ಸೀಟಿಯಂಥ ಸದ್ದು.

"ಹೊಸ್ತಿಲದಾಗ ಬಿದ್ದಿದ್ಳು ಬೇಟಿ, ತುಟಿ ನೀಲಿ ಆಗಿದ್ವು" ಎಂದರು ಖಾಲಾ. "ನಂದೊಂದು ದಮ್ಮಿನ ಮಶೀನ್ ಅದ ನೋಡು, ಅದನ್ನೇ ಹಚ್ಚೀನಿ."

ನಾನು ನೆಲದ ಮೇಲೆ ಕೂತು ಅಕ್ಕನ ಪಾದ ಹಿಡಿದುಕೊಂಡೆ. ಬಹಳ ಹೊತ್ತಿನ ಮೇಲೆ ಉಸಿರು ಸ್ವಲ್ಪ ಹದಕ್ಕೆ ಬಂದು, ಅವಳು ಮಾಸ್ಕ್ ಪಕ್ಕಕ್ಕೆ ಸರಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಗಂಟಲ ಉರೀಲಾಕತ್ತಿತ್ತು" ಎಂದಳು. "ನೀ ಹೊಗಿ ಇಲ್ಲ ಅಂದಿ ಅಂತ ಕಿಡಕಿ ಮುಚ್ಚಲಿಲ್ಲ."