ಹೆಸರಷ್ಟೇ ವಿರುಪಮ್ಮನದು

ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ, ಊರು ಮುಗಿದು ಬಾಳೆ ತೋಟಗಳು ಶುರುವಾಗುವ ಕಡೆ ವಿರುಪಮ್ಮನ ಮಂಡಕ್ಕಿ ಒಗ್ಗರಣಿ-ಮಿರ್ಚಿ ಅಂಗಡಿ. ತಗಡಿನ ಚಪ್ಪರ, ಎರಡು ಬೆಂಚು, ಒಂದು ಒಲೆ. ಅದಿರಿನ ಲಾರಿ ಓಡಿಸುತ್ತಿದ್ದ ಗಂಡ ಸಂಡೂರಿನ ಘಾಟಿನಲ್ಲಿ ತೀರಿಕೊಂಡ ಮೇಲೆ ಅವಳು ಹಾಕಿಕೊಂಡದ್ದು. ಮಕ್ಕಳಿಲ್ಲ. ಸ್ವಂತದ್ದೆಂದು ಹೇಳಿಕೊಳ್ಳಲು ಊರೊಳಗೆ ಒಂದು ಪುಟ್ಟ ಮನೆ. ಆದರೆ ಪಹಣಿ ತೆಗೆಸಿ ನೋಡಿದರೆ ಒಂದು ಎಕರೆ ಜಮೀನಿಗೆ ಮಾಲೀಕಳೆಂದು ಅವಳ ಹೆಸರಿತ್ತು. ಆ ಜಮೀನು ಅವಳದಲ್ಲ.

ಅದು ಮಾರ್ಗಿತ್‌ಳದು. ಆಸ್ಟ್ರಿಯಾ ದೇಶದ ನಿವೃತ್ತ ನರ್ಸು. ಮೊದಲ ಸಲ ಹಂಪಿ ನೋಡಲು ಬಂದವಳು ಬಾಡಿಗೆ ಸೈಕಲ್ಲಿನ ಚೈನು ಕಳಚಿ ಅಂಗಡಿ ಮುಂದೆ ನಿಂತಿದ್ದಳು. ಆಮೇಲೆ ಪ್ರತಿ ಚಳಿಗಾಲಕ್ಕೂ ಬಂದಳು. ಇಲ್ಲಿನ ಬಿಸಿಲಿಗೆ ಮೊಣಕಾಲಿನ ನೋವು ಹೋಗುತ್ತದೆ ಎನ್ನುತ್ತಿದ್ದಳು. ಬೆಂಚಿನ ಮೇಲೆ ಕೂತು ಕೂತೇ ಒಡಕು ಕನ್ನಡ ಕಲಿತಳು. ವಿರುಪಮ್ಮನಿಗೆ ಟೈಫಾಯ್ಡ್ ಬಂದಾಗ ಅವಳ ಮನೆಯಲ್ಲೇ ಇದ್ದು ಗಂಜಿ ಕುಡಿಸಿದಳು. ವಿರುಪಮ್ಮ ಅವಳನ್ನು ಅಕ್ಕ ಎಂದು ಕರೆಯತೊಡಗಿದ್ದು ಆಗಿನಿಂದ.

ಇಲ್ಲೇ ಒಂದು ಮನೆ ಕಟ್ಟಿಕೊಳ್ಳಬೇಕೆಂದು ಮಾರ್ಗಿತ್‌ಗೆ ಆಸೆಯಾಯಿತು. ಜಮೀನು ಕೊಡಿಸುವ ದಲ್ಲಾಳಿ ಪಾಲಯ್ಯ ದಾರಿ ತೋರಿಸಿದ. "ಫಾರಿನ್ನಿನವರ ಹೆಸರಿಗಿ ಆಗಂಗಿಲ್ಲ ಬಿಡ್ರಿ. ವಿರುಪಮ್ಮನ ಹೆಸರಿಗಿ ಮಾಡಿಸೋಣು. ಆಕಿ ನಿಮಗ ತೊಂಬತ್ತೊಂಬತ್ತು ವರ್ಷ ಲೀಸ್ ಬರಕೊಡ್ತಾಳ. ಎಲ್ಲಾರೂ ಹಂಗ ಮಾಡ್ತಾರ."

ಹಣ ಮಾರ್ಗಿತ್ ಕೊಟ್ಟಳು, ವಿರುಪಮ್ಮ ಸಹಿ ಹಾಕಿದಳು. ಅಕ್ಕನಿಗೆ ಉಪಕಾರ ಮಾಡಿದೆನೆಂಬ ಸಂತೋಷವೇ ಅವಳಿಗೆ. ಬಂಡೆಗಳ ಮಗ್ಗುಲಲ್ಲಿ ಎರಡು ಕೋಣೆಯ ಮನೆ ಎದ್ದಿತು, ಬದುವಿನ ಬಳಿ ಮಾರ್ಗಿತ್ ಒಂದು ಬೇವಿನಗಿಡ ನೆಟ್ಟಳು. ಮಾರ್ಗಿತ್ ತನ್ನ ದೇಶಕ್ಕೆ ಹೋದಾಗ ಕೀಲಿಕೈ ವಿರುಪಮ್ಮನ ಸೊಂಟದಲ್ಲಿ.

ಹಲವು ವರ್ಷ ಹೀಗೇ ನಡೆಯಿತು. ಆಮೇಲೊಂದು ಚಳಿಗಾಲ ಮಾರ್ಗಿತ್ ಬರಲಿಲ್ಲ. ಅಲ್ಲಿ ಮಂಜಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಭಾನುವಾರ ಫೋನಿನಲ್ಲಿ, "ಮನೆ ಹೆಂಗೈತಿ? ಬೇವಿನಗಿಡ ಹೆಂಗೈತಿ?" ಎಂದು ಕೇಳುತ್ತಿದ್ದಳು. ಆ ವರ್ಷವೇ ಪಕ್ಕದ ಹೊಲಗಳನ್ನು ಹೊಸಪೇಟೆಯ ಈಶ್ವರ್ ಕೊಂಡ. ಅಕ್ಕಿ ಗಿರಣಿ ಇರುವ ಮನೆತನದವನು, ರೆಸಾರ್ಟ್ ಕಟ್ಟುವ ಯೋಚನೆಯಲ್ಲಿದ್ದ. ನಡುವೆ ಸಿಕ್ಕಿಕೊಂಡಿದ್ದು ಈ ಒಂದು ಎಕರೆ.

ಒಂದು ದಿನ ಅವನೇ ಅಂಗಡಿಗೆ ಬಂದು ಬೆಂಚಿನ ಮೇಲೆ ಕುಳಿತ. "ಜಮೀನು ನಿಮ್ಮ ಹೆಸರಿನಾಗ ಐತಲ್ಲಮ್ಮ. ಮಾರಾಕ ಯಾರನ್ನ ಕೇಳಬೇಕು ನೀವು?" ಎಂದ. ಗದರಲಿಲ್ಲ, ಮೆತ್ತಗೇ ಹೇಳಿದ. ಆದರೂ ವಿರುಪಮ್ಮ ಬಾಣಲೆ ಮರೆತಳು, ಮಿರ್ಚಿ ಎಣ್ಣೆಯಲ್ಲೇ ಕರಕಾಯಿತು.

ಸುದ್ದಿ ಅವಳ ಮೈದುನ ಹಾಲೇಶನ ಕಿವಿಗೆ ಬಿತ್ತು. ಅವನು ಸಂಜೆಯೇ ಬಂದ.

"ಅತ್ತಿಗಿ, ದೇವರು ಕೊಟ್ಟಾನ, ತಗೋ. ಆ ಮುದುಕಿ ಇನ್ನ ಬರತೈತೇನು?"

"ಅಕಿ ರೊಕ್ಕದಾಗ ತಗೊಂಡಿದ್ದದು. ನಂದ್ಹೆಂಗ ಆಗತೈತಿ?"

"ಕಾಗದ ಏನಂತೈತಿ? ಅದ ಖರೆ."

ಅಂದಿನಿಂದ ಅವಳಿಗೆ ನಿದ್ದೆ ಹಾಳಾಯಿತು. ರಸ್ತೆಯಲ್ಲಿ ಜೀಪು ನಿಂತರೆ ಎದ್ದು ಹೋಗಿ ಇಣುಕುತ್ತಿದ್ದಳು. ಅಕ್ಕ ಅಲ್ಲೇ ಸತ್ತರೆ ಜಮೀನು ಯಾರಿಗೆ? ತಾನು ಸತ್ತರೆ? ಆಗ ಹಾಲೇಶನೇ ವಾರಸುದಾರ. ಹಂಪಿಗೆ ಹೋಗಿ ವಿರೂಪಾಕ್ಷನ ಮುಂದೆ ನಿಂತರೂ ಏನು ಬೇಡಿಕೊಳ್ಳಬೇಕೆಂದು ತಿಳಿಯಲಿಲ್ಲ. ಜಮೀನು ಉಳಿಯಲಿ ಎನ್ನಬೇಕೋ, ಕಳೆದುಹೋಗಲಿ ಎನ್ನಬೇಕೋ. ಫೋನಿನಲ್ಲಿ ಮಾತ್ರ, "ಎಲ್ಲಾ ಚಲೋ ಐತಕ್ಕ" ಎನ್ನುತ್ತಿದ್ದಳು.

ಮಳೆಗಾಲದ ಹೊತ್ತಿಗೆ ಯಾರೋ ಬದು ದಾಟಿ ಈಚೆಗೆ ಕಲ್ಲುಕಂಬ ನೆಟ್ಟರು. ಬೇವಿನಗಿಡ ಆ ಬೇಲಿಯ ಒಳಗೆ ಹೋಯಿತು. ಕೇಳಿದರೆ ಈಶ್ವರನ ಆಳುಗಳು, "ಸರ್ವೇದಾಗ ಹಿಂಗ ಬಂದೈತಿ, ನಿಮ್ಮದಂದ್ರ ಕಂಪ್ಲೇಂಟ್ ಕೊಡ್ರಿ" ಎಂದರು. ವಿರುಪಮ್ಮ ಠಾಣೆಗೆ ಹೋದಳು. ಬರೆದುಕೊಳ್ಳಲು ಕುಳಿತ ಪೊಲೀಸ್ ಮೊದಲು ಕೇಳಿದ್ದೇ, "ಜಮೀನು ಯಾರದಮ್ಮ?"

ನಂದು ಎಂದರೆ ಸುಳ್ಳು. ಅಕ್ಕಂದು ಎಂದರೆ ಮುಂದೇನೋ! "ಆಮ್ಯಾಲ ಬರ್ತೀನ್ರಿ" ಎಂದು ಎದ್ದು ಬಂದಳು.

ಅಲ್ಲಿಂದ ಮನೆಗೆ ಹೋಗದೆ ಹೊಸಪೇಟೆಯ ಬಸ್ಸು ಹತ್ತಿದಳು. ಅಂಗಡಿಗೆ ಬರುವ ಬಸ್ ಕಂಡಕ್ಟರೊಬ್ಬರು ಹಿಂದೆ ಸ್ಫೂರ್ತಿ ಎಂಬ ವಕೀಲೆಯ ಹೆಸರು ಹೇಳಿದ್ದರು. ಇನ್ನೂ ಚಿಕ್ಕ ವಯಸ್ಸಿನ ಹುಡುಗಿ. ಎಲ್ಲವನ್ನೂ ಕೇಳಿಸಿಕೊಂಡು ಹೇಳಿದಳು:

"ಅಮ್ಮ, ಬ್ಯಾರೆ ದೇಶದವರು ಇಲ್ಲಿ ಹೊಲ ಕೊಳ್ಳಂಗಿಲ್ಲ. ಐದು ವರ್ಷಕ್ಕಿಂತ ಜಾಸ್ತಿ ಲೀಸ್ ಬೇಕಂದ್ರ ರಿಸರ್ವ್ ಬ್ಯಾಂಕ್ ಒಪ್ಪಬೇಕು. ನೀವು ಬರಕೊಟ್ಟ ಲೀಸ್ ರಿಜಿಸ್ಟರ್ ಸೈತ ಆಗಿಲ್ಲ, ಅದು ನಿಲ್ಲಂಗಿಲ್ಲ. ಇನ್ನ ರೊಕ್ಕ ಒಬ್ಬರದು, ಹೆಸರು ಇನ್ನೊಬ್ಬರದು ಅಂದ್ರ ಅದು ಬೇನಾಮಿ. ಸರ್ಕಾರ ಜಮೀನು ತಗೋಬಹುದು. ಶಿಕ್ಷೆನೂ ಐತಿ."

"ಶಿಕ್ಷೆ ಅಂದ್ರ... ಜೈಲೇನ್ರಿ?"

"ಆಗಬಹುದು. ಇಬ್ಬರಿಗೂ."

"ನಾನು ಒಂದು ರೂಪಾಯಿ ತಿಂದಿಲ್ಲರಿ."

"ನಂಬ್ತೀನಿ. ಆದ್ರ ಕಾನೂನು ಅದನ್ನಷ್ಟ ನೋಡಂಗಿಲ್ಲ. ಮಾರಿದ್ರ ಇನ್ನಾ ದೊಡ್ಡ ತಪ್ಪಾಗತೈತಿ. ಸುಮ್ಮನಿದ್ರ ಒಂದಿನ ಯಾರಾದ್ರೂ ದೂರು ಕೊಡ್ತಾರ. ಮೊದಲು ಆ ಅಮ್ಮಗ ಖರೆ ಹೇಳ್ರಿ."

ಭಾನುವಾರ ವಿರುಪಮ್ಮ ಹೇಳಿದಳು. ಹೇಳಬೇಕಾದದ್ದನ್ನು ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದಳು, ಆದರೆ ಬಾಯಿಗೆ ಬಂದಾಗ ಎಲ್ಲ ತಲೆಕೆಳಗಾಯಿತು. ಈಶ್ವರನ ಮಾತು ಮೊದಲು ಬಂತು, ಬೇಲಿಯ ಮಾತು ಆಮೇಲೆ, ಕಾನೂನಿನ ಮಾತು ಕೊನೆಗೆ.

"ನೀನು ಮಾರ್ತೀಯಾ, ವಿರುಪಮ್ಮ? ಯಾರು ಕಲಿಸಿದ್ರು ನಿನಗೆ?"

"ಇಲ್ಲಕ್ಕ, ನಾನು..."

ಫೋನು ಕಟ್ಟಾಯಿತು. ಮುಂದಿನ ಭಾನುವಾರ ಕರೆ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ವಿರುಪಮ್ಮ ತಾನೇ ಮಾಡಿದರೆ ಯಾರೂ ಎತ್ತಲಿಲ್ಲ. ಜೈಲಿನ ಹೆದರಿಕೆಯನ್ನಾದರೂ ತಡೆದುಕೊಳ್ಳಬಹುದಿತ್ತು. ಅಕ್ಕ ತನ್ನನ್ನು ಕಳ್ಳಿ ಅಂದುಕೊಂಡಳಲ್ಲ ಎಂಬುದನ್ನು ತಡೆದುಕೊಳ್ಳಲಾಗಲಿಲ್ಲ. ದಸರಾ, ದೀಪಾವಳಿ ಎರಡೂ ಹೀಗೇ ಕಳೆದವು. ಹಾಲೇಶ ದಿನಾ ಬಂದು, "ನೋಡ್ದ್ಯಾ, ಅಕಿಗೇ ಬ್ಯಾಡಾಗೈತಿ" ಎನ್ನುತ್ತಿದ್ದ. ಒಂದು ದಿನ ಅವಳು ಸಿಟ್ಟಿಗೆದ್ದು ಜಾಲರಿ ಸೌಟು ಎತ್ತಿದಳು. ಅಂದಿನಿಂದ ಅವನು ಬರುವುದು ಬಿಟ್ಟ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಅಂಗಡಿ ಮುಂದೆ ಆಟೋ ನಿಂತಿತು. ಎರಡು ಕೋಲು ಊರಿಕೊಂಡು ಮಾರ್ಗಿತ್ ಇಳಿದಳು. ಅರ್ಧಕ್ಕರ್ಧ ಸೊರಗಿದ್ದಳು. ಬೆಂಚಿನ ಮೇಲೆ ಕುಳಿತಳೇ ಹೊರತು ವಿರುಪಮ್ಮನ ಮುಖ ನೋಡಲಿಲ್ಲ.

"ನಮ್ಮ ಊರಲ್ಲಿ ಲಾಯರ್ ಕೇಳಿದೆ," ಎಂದಳು ಕೊನೆಗೆ. "ನೀನು ಹೇಳಿದ್ದೇ ಹೇಳಿದ. ಆಮೇಲೆ ನಾಚಿಕೆ ಆಯ್ತು. ಫೋನ್ ಮಾಡ್ಲಿಲ್ಲ."

ವಿರುಪಮ್ಮನಿಗೆ ಅಳು ಬಂತು, ಬೈಯಬೇಕೆಂದೂ ಅನಿಸಿತು. "ಮೊದಲು ಏನರ ತಿನ್ನು" ಎಂದಷ್ಟೇ ಅಂದಳು.

ಮರುದಿನ ಇಬ್ಬರೂ ಸ್ಫೂರ್ತಿಯ ಮುಂದೆ ಕುಳಿತರು. ಜಮೀನನ್ನು ವಿರುಪಮ್ಮನಿಗೇ ಕೊಟ್ಟುಬಿಡುತ್ತೇನೆ ಎಂದಳು ಮಾರ್ಗಿತ್. ಹಾಗೆ ಕೊಟ್ಟರೂ ಮೊದಲಿನ ತಪ್ಪು ತೊಳೆದುಹೋಗುವುದಿಲ್ಲ ಎಂದಳು ಸ್ಫೂರ್ತಿ. ಉಳಿದದ್ದು ಒಂದೇ ದಾರಿ. ನಡೆದದ್ದನ್ನೆಲ್ಲ ತಾವೇ ಬರೆದು, ಬೇನಾಮಿ ವಿಷಯ ನೋಡುವ ಬೆಂಗಳೂರಿನ ಅಧಿಕಾರಿಗಳಿಗೆ ಒಪ್ಪಿಸುವುದು. "ಮಾಫಿ ಸಿಗತೈತಿ ಅಂತ ನಾನು ಮಾತು ಕೊಡಂಗಿಲ್ಲ," ಎಂದು ಅವಳು ಎರಡೆರಡು ಸಲ ಹೇಳಿದಳು. ಮಾರ್ಗಿತ್ ವಿರುಪಮ್ಮನ ಕಡೆ ನೋಡಿದಳು. ವಿರುಪಮ್ಮನೇ ಮೊದಲು ಹ್ಞೂಂ ಎಂದು ತಲೆಯಾಡಿಸಿದಳು.

ಬೆಂಗಳೂರಿನ ವಿಚಾರಣೆಗೆ ಇಬ್ಬರನ್ನೂ ಕರೆದರು. ಅಧಿಕಾರಿ ಅದೇ ಪ್ರಶ್ನೆ ಕೇಳಿದರು, ಜಮೀನು ಯಾರದು ಎಂದು. ವಿರುಪಮ್ಮ ಈ ಸಲ ತಡವರಿಸಲಿಲ್ಲ. "ನಂದಲ್ಲರಿ. ಅಕೀದೂ ಅಲ್ಲಂತ. ಹೆಸರಷ್ಟ ನಂದು."

ಮುಂದಿನ ವರ್ಷ ಆದೇಶ ಬಂತು. ಜಮೀನೂ ಮನೆಯೂ ಸರ್ಕಾರದ ವಶವಾದವು. ಸರ್ಕಾರಿ ಸರ್ವೇಯರ್ ಬಂದು ಅಳೆದಾಗ ಈಶ್ವರನ ಕಲ್ಲುಕಂಬಗಳೂ ಹಿಂದಕ್ಕೆ ಹೋದವು. ಬಾಗಿಲಿಗೆ ನೋಟಿಸು ಅಂಟಿಸುವಾಗ ವಿರುಪಮ್ಮ ಕೀಲಿಕೈ ಬಿಚ್ಚಿ ಕೊಟ್ಟಳು. ಮಾರ್ಗಿತ್ ಅಲ್ಲಿರಲಿಲ್ಲ. ಫೋನಿನಲ್ಲಿ ಹೇಳಿದಾಗ, "ಗಿಡ ಕಡಿತಾರಾ?" ಎಂದಷ್ಟೇ ಕೇಳಿದಳು. ಗೊತ್ತಿಲ್ಲ ಎಂದಳು ಇವಳು.

ಶಿಕ್ಷೆಯ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಆಗದೆಯೂ ಹೋಗಬಹುದು ಎನ್ನುತ್ತಾಳೆ ಸ್ಫೂರ್ತಿ. ಅಂಚೆಯವನು ಅಂಗಡಿ ಕಡೆ ತಿರುಗಿದರೆ ವಿರುಪಮ್ಮ ಈಗಲೂ ಕೈಯಲ್ಲಿದ್ದ ಸೌಟು ಕೆಳಗಿಟ್ಟು ಕಾಯುತ್ತಾಳೆ. ಆದರೆ ಪಹಣಿಯಲ್ಲಿ ತನ್ನ ಹೆಸರಿಲ್ಲ ಎಂಬುದು ನೆನಪಾದಾಗ ಉಸಿರು ಸಲೀಸಾಗುತ್ತದೆ.

ಈ ಚಳಿಗಾಲದಲ್ಲಿ ಮಾರ್ಗಿತ್ ಬಂದು ಕಮಲಾಪುರದ ಲಾಡ್ಜಿನಲ್ಲಿ ಇಳಿದಿದ್ದಳು. ಹೊರಡುವ ಹಿಂದಿನ ದಿನ ವಿರುಪಮ್ಮ ಕೇಳಿದಳು, "ಮುಂದಿನ ವರ್ಷ ಬರ್ತೀಯಲ್ಲಕ್ಕ?"

"ವೀಸಾ ಕೊಟ್ರೆ. ಕೇಸ್ ಇದೆಯಲ್ಲ."

"ಕೊಡ್ಲಿಲ್ಲಂದ್ರ?"

ಮಾರ್ಗಿತ್ ಬೆಂಚಿನ ಮೇಲೆ ಸ್ವಲ್ಪ ಸರಿದು, ಪಕ್ಕದಲ್ಲಿ ಜಾಗ ಮಾಡಿದಳು. ವಿರುಪಮ್ಮ ಒಲೆಯ ಉರಿ ತಗ್ಗಿಸಿ ಬಂದು ಕುಳಿತಳು.